ಶೆಟ್ಟರಿಗೊಂದು ತಲೆ ಬೇಕಾಗಿದೆ

ಓದುಗ ಮಹಾಶಯರು ಗಾಬರಿಯಾಗಬಾರದು. ತಲೆ ಬೇಕಾಗಿರುವುದು ನಮ್ಮ ಪೇಟೆ ಬೀದಿಯ ಯಾವ ಶೆಟ್ಟರಿಗೂ ಅಲ್ಲ. ಅವರವರ ತಲೆ ಅವರವರ ಹೆಗಲ ಮೇಲೆ ಭದ್ರವಾಗಿದೆ, ಲೆಕ್ಕವನ್ನೂ ಚೆನ್ನಾಗಿಯೇ ಮಾಡುತ್ತಿದೆ. ನಾನು ಹೇಳುತ್ತಿರುವುದು ನಮ್ಮ ಮನೆಯ ದಸರಾ ಬೊಂಬೆ ಶೆಟ್ಟರ ವಿಚಾರ.

ಬೊಂಬೆ ಕೂರಿಸುವ ಮನೆಯವರಿಗೆ ಶೆಟ್ಟಿ-ಶೆಟ್ಟಿತಿಯರ ಪರಿಚಯ ಹೇಳಬೇಕಾಗಿಲ್ಲ. ಮೇಲಿನ ಮೆಟ್ಟಿಲಲ್ಲಿ ಪಟ್ಟದ ಬೊಂಬೆಗಳು ರಾಜ-ರಾಣಿಯರಾಗಿ ನಿಂತಿರುತ್ತವೆ. ಕೆಳಗಿನ ಮೆಟ್ಟಿಲಲ್ಲಿ ಹೊಟ್ಟೆ ಬಿಟ್ಟುಕೊಂಡ ಶೆಟ್ಟರು, ಪಕ್ಕದಲ್ಲಿ ಮೂಗುತಿ ಹಾಕಿಕೊಂಡ ಶೆಟ್ಟಿತಮ್ಮ. ಎದುರಿಗೆ ಪುಟ್ಟ ಪುಟ್ಟ ಬಟ್ಟಲಲ್ಲಿ ಅಕ್ಕಿ, ತೊಗರಿಬೇಳೆ, ಬೆಲ್ಲ, ಮೆಣಸಿನಕಾಯಿ. ರಾಜನಿಲ್ಲದಿದ್ದರೂ ಊರು ಹೇಗೋ ನಡೆದೀತು, ಅಂಗಡಿ ಇಲ್ಲದೆ ಒಂದು ದಿನವೂ ನಡೆಯದು ಅನ್ನೋದು ನಮ್ಮ ಹಿರಿಯರಿಗೆ ಗೊತ್ತಿತ್ತು ನೋಡಿ!

ಕಳೆದ ದಸರೆಗೆ ಹದಿನೈದು ದಿನ ಮುಂಚೆ ಅಟ್ಟದಿಂದ ಪೆಟ್ಟಿಗೆ ಇಳಿಸಿದಾಗ ಶೆಟ್ಟರ ಮುಂಡ ಇತ್ತು, ರುಂಡ ಇರಲಿಲ್ಲ. ಇಲಿಗಳು ಸುತ್ತಿದ್ದ ಬಟ್ಟೆ ಕಡಿದು, ತಲೆ ಜಜ್ಜಿ ಪುಡಿಯಾಗಿತ್ತು. ಹೊಸ ಜೊತೆ ತಂದರಾಯಿತು ಅಂದೆ. ನಮ್ಮ ತಾಯಿ ಒಪ್ಪಲಿಲ್ಲ. ಅದು ಅವರ ತಾಯಿ ತವರಿನಿಂದ ತಂದ ಬೊಂಬೆ. "ಹೊಸದು ಬೇಡ ಕಣೋ. ಇವರಿಗೇ ಒಂದು ತಲೆ ಮಾಡಿಸು. ಶೆಟ್ಟಿತಮ್ಮ ಒಬ್ಬಳೇ ಹೆಂಗೆ ಕೂತಿದಾಳೆ ನೋಡು" ಅಂದರು.

ಮಾಡಿಸು ಅನ್ನುವುದು ಸುಲಭ. ಮಾಡುವವರು ಯಾರು ಸ್ವಾಮಿ?

ಮೈಸೂರಿನಲ್ಲಿ ಎರಡು ಮೂರು ಅಂಗಡಿ ಸುತ್ತಿದೆ. "ತಲೆ ಬೇರೆ, ಮೈ ಬೇರೆ ಬರಲ್ಲ ಸಾರ್, ಜೊತೇನೇ ತಗೊಳ್ಳಿ" ಅಂದರು. ಅವರದೂ ತಪ್ಪಲ್ಲ. ಈಗ ಪೇಟೆಗೆ ಬರುವ ಬೊಂಬೆಯಲ್ಲಿ ಬಹುಪಾಲು ತಮಿಳುನಾಡಿನ ಪಣ್ರುಟ್ಟಿ ಮೊದಲಾದ ಕಡೆ ಅಚ್ಚಿನಲ್ಲಿ ಒತ್ತಿ ತೆಗೆದದ್ದು. ಒಂದು ಅಚ್ಚಿಗೆ ಒಂದೇ ಮುಖ. ಸಾವಿರ ಶೆಟ್ಟರಿಗೂ ಅದೇ ಮೂಗು, ಅದೇ ಮೀಸೆ. ಬೇರೆ ತಲೆಯ ಪದ್ಧತಿ ಇಲ್ಲವೇ ಇಲ್ಲ ಅಂತಲ್ಲ. ತಂಜಾವೂರಿನ ತಲೆಯಾಡಿಸುವ ಬೊಂಬೆಗೆ ತಲೆಯನ್ನು ಬೇರೆಯಾಗಿಯೇ ಮಾಡಿ ಒಳಗಿನ ಕೊಕ್ಕೆಗೆ ತೂಗುಬಿಡುತ್ತಾರೆ. ಆದರೆ ಅಲ್ಲಿನ ತಲೆ ನಮ್ಮ ಶೆಟ್ಟರಿಗೆ ಕೂರಬೇಕಲ್ಲ!

ಕೊನೆಗೆ ಯಾರೋ ಪುಣ್ಯಾತ್ಮರು ಹೇಳಿದರು ಅಂತ ಹುಣಸೂರು ಬಸ್ ಸ್ಟ್ಯಾಂಡಿನಲ್ಲಿ ಹನಗೋಡಿನ ಬಸ್ ಹತ್ತಿದೆ. ಮೊಣಕಾಲ ಮೇಲೆ ಬಟ್ಟೆಯಲ್ಲಿ ಸುತ್ತಿದ ತಲೆಯಿಲ್ಲದ ಶೆಟ್ಟರು. ಟಿಕೆಟ್ ಕೇಳಿದ ಕಂಡಕ್ಟರು ಗಂಟು ನೋಡಿ "ಲಗೇಜಾ?" ಅಂದ. "ತಲೆ ಇಲ್ಲದವರಿಗೆ ಚಾರ್ಜು ಉಂಟೇನಪ್ಪ?" ಅಂದೆ. ನಕ್ಕು ಮುಂದೆ ಹೋದ.

* * *

ಲಕ್ಷ್ಮಣತೀರ್ಥಕ್ಕೆ ಅಣೆಕಟ್ಟೆ ಕಟ್ಟಿದ ಊರು ಹನಗೋಡು. ನೀರಿದೆ, ಕೆರೆಗಳಿವೆ, ಕೆರೆಯಲ್ಲಿ ಜೇಡಿಮಣ್ಣಿದೆ. ಹೋಬಳಿಯ ಒಂದು ಹಳ್ಳಿಯಲ್ಲಿ ಹಳೇ ಕಾಲದ ಕುಂಬಾರ ಯಜಮಾನರೊಬ್ಬರು ಸಿಕ್ಕಿದರು. ಶೆಟ್ಟರ ಮುಂಡವನ್ನು ತಿರುಗಿಸಿ ತಿರುಗಿಸಿ ನೋಡಿದರು. ಕತ್ತಿನ ತೂತಿಗೆ ಬೆರಳಿಟ್ಟು, "ಒಳ್ಳೇ ಕೈ ಮಾಡಿರೋ ಬೊಂಬೆ ಸ್ವಾಮಿ ಇದು. ನಾನೂ ಒಂದು ಕಾಲದಲ್ಲಿ ಗೌರಿ ಮುಖ, ಗಣಪತಿ ಎಲ್ಲಾ ಕೈಯಲ್ಲೇ ತಿದ್ದುತಿದ್ದೆ. ಈಗ ಕಣ್ಣು ಆಗಲ್ಲ. ಮಡಕೆಗೆ ಕೈ ಒಸಿ ನಡುಗಿದ್ರೂ ನಡೀತದೆ, ಮುಖಕ್ಕೆ ನಡುಗಬಾರ್ದು" ಅಂದರು. ಆಮೇಲೆ ಬೀದಿಯ ಆ ಕಡೆ ಕೈ ತೋರಿಸಿ, "ಅಲ್ಲೊಬ್ಬ ಹುಡುಗ ಅವನೆ. ಪ್ಲಾಸ್ಟಿಕ್ ಬೊಂಬೆಗೆ ತಲೆ ಮಾಡ್ತಾನಂತೆ. ಅವನ್ನ ಕೇಳಿ ನೋಡಿ" ಅಂದರು.

ಹೋಗಿ ನೋಡಿದರೆ ಹೊಗೆಸೊಪ್ಪು ಬೆಳೆಯುವವರ ಮನೆ. ಬ್ಯಾರನ್ ಪಕ್ಕದ ಚಿಕ್ಕ ಕೋಣೆ. ಐ.ಟಿ.ಐ. ಮುಗಿಸಿದ ಹುಡುಗ. ಮೇಜಿನ ಮೇಲೆ ಸಾಲಾಗಿ ತಲೆಗಳು! ಕಡಲೆಬೀಜದಷ್ಟು ಚಿಕ್ಕವು, ನೆಲ್ಲಿಕಾಯಿಯಷ್ಟು ದೊಡ್ಡವು. ಒಂದು ಸಿಪಾಯಿ, ಒಂದು ಮುದುಕ, ಒಂದಕ್ಕೆ ನಮ್ಮ ರಾಜಕುಮಾರ್ ಅವರ ‘ಮಯೂರ’ ಚಿತ್ರದ ಗತ್ತು. ಪೇಟೆಯಲ್ಲಿ ಸಿಗುವ ಪ್ಲಾಸ್ಟಿಕ್ ವೀರರ ಬೊಂಬೆ ತಂದು, ಅದರ ತಲೆ ಕಿತ್ತು, ತಾನು ತಿದ್ದಿದ ತಲೆ ಕೂರಿಸುತ್ತಾನೆ. ಮೊಬೈಲಿನಲ್ಲಿ ಫೋಟೋ ನೋಡಿ ದೂರದ ಊರಿನವರು ಕೇಳಿ ತರಿಸಿಕೊಳ್ಳುತ್ತಾರೆ.

ಅವರಪ್ಪ ಜಗಲಿಯ ಮೇಲಿಂದಲೇ ಕೂಗಿದರು: "ನೀವಾದ್ರೂ ಬುದ್ಧಿ ಹೇಳಿ ಸಾರ್. ಗಂಡು ಹುಡುಗ, ಬೊಂಬೆ ಆಡ್ಕಂಡು ಕೂತವ್ನೆ!"

ಈ ಮಾತು ಕೇಳಿ ನನಗೆ ನಗು ಬಂತು. ಯಾಕೆಂದರೆ ಈ ಭಯ ಹನಗೋಡಿನ ಅಪ್ಪಂದಿರಿಗೆ ಮಾತ್ರ ಇರುವುದಲ್ಲ. 1964ರಲ್ಲಿ ಅಮೆರಿಕದ ಹ್ಯಾಸ್‌ಬ್ರೊ ಕಂಪನಿಯವರು ‘ಜಿ.ಐ. ಜೋ’ ಎಂಬ 12 ಇಂಚಿನ ಸಿಪಾಯಿ ಬೊಂಬೆಯನ್ನು ಪೇಟೆಗೆ ಬಿಟ್ಟಾಗ, ಬೊಂಬೆ ಎಂದರೆ ಗಂಡು ಮಕ್ಕಳಿಗೆ ಯಾರೂ ಕೊಳ್ಳುವುದಿಲ್ಲ ಎಂದು ಹೆದರಿ ‘ಆ್ಯಕ್ಷನ್ ಫಿಗರ್’ ಅಂತ ಬೇರೆ ಹೆಸರೇ ಇಟ್ಟರು. ಹೆಸರು ಬದಲಾಯಿತು, ಪದಾರ್ಥ ಬೊಂಬೆಯೇ. ನಮ್ಮ ದೇಶದಲ್ಲಿ 1987ರಲ್ಲಿ ಶುರುವಾದ ಫನ್‌ಸ್ಕೂಲ್ ಕಂಪನಿಯವರು ಅದರ ಪುಟ್ಟ ಗಾತ್ರದ ತಮ್ಮಂದಿರನ್ನು ಮಾರಿದರು. ಅದನ್ನು ಆಡಿ ಬೆಳೆದ ಹುಡುಗರು ಇವತ್ತು ಸಂಬಳ ತರುವ ಗೃಹಸ್ಥರು. ಕಂಪನಿ ಕೊಟ್ಟ ತಲೆ ಸಾಲದು, ತಮಗೆ ಬೇಕಾದ ಮುಖವೇ ಬೇಕು ಎಂದು ಕಾಸು ಕೊಟ್ಟು ಮಾಡಿಸುವವರು ಇಂಥವರೇ. ಈ ಹುಡುಗನ ಗಿರಾಕಿಗಳು ಮಕ್ಕಳಲ್ಲ ಸ್ವಾಮಿ, ಮಕ್ಕಳ ಅಪ್ಪಂದಿರು!

ಕೆಲಸವೇನು ಸಾಮಾನ್ಯದ್ದಲ್ಲ. ಮನುಷ್ಯನ ತಲೆ ಗಲ್ಲದಿಂದ ನೆತ್ತಿಯವರೆಗೆ ಸುಮಾರು 9 ಇಂಚು. ಅದರ ಆರರಲ್ಲಿ ಒಂದು ಪಾಲಿನ ಬೊಂಬೆಗೆ ತಲೆ ಒಂದೂವರೆ ಇಂಚು. ಅಷ್ಟರೊಳಗೆ ಕಣ್ಣು, ರೆಪ್ಪೆ, ಮೂಗಿನ ಹೊಳ್ಳೆ, ತುಟಿಯ ಕೊನೆ ಎಲ್ಲ ಬರಬೇಕು. ಮೊದಲು ಅಲ್ಯೂಮಿನಿಯಂ ಹಾಳೆಯನ್ನು ಗಟ್ಟಿಯಾಗಿ ಉಂಡೆ ಕಟ್ಟಿ ಕಡ್ಡಿಗೆ ಸಿಕ್ಕಿಸುತ್ತಾನೆ. ಅದರ ಮೇಲೆ ಜೇಡಿ ಮೆತ್ತುತ್ತಾನೆ. ಅದು ನಮ್ಮ ಕೆರೆಯ ಜೇಡಿಯಲ್ಲ, ಪ್ಲಾಸ್ಟಿಕ್ ಸೇರಿಸಿ ಮಾಡಿದ್ದು. ಒಲೆಯ ಬೆಂಕಿ ಬೇಡ, 130 ಡಿಗ್ರಿ ಕಾವಿನ ಪೆಟ್ಟಿಗೆಯಲ್ಲಿ ಸ್ವಲ್ಪ ಹೊತ್ತಿಟ್ಟರೆ ಗಟ್ಟಿಯಾಗುತ್ತದೆ. ಕಾವು ಮೀರಿದರೆ ಕಪ್ಪಾಗಿ ಕೆಟ್ಟ ವಾಸನೆ. ಕೈಯಲ್ಲಿ ಕಾಸಿಲ್ಲದಾಗ ನಲ್ಲಿ ಸೋರಿದರೆ ಮೆತ್ತುವ ಎಂ-ಸೀಲ್ ತಂದು ಅದರಲ್ಲೇ ಮಾಡಿದ್ದೂ ಉಂಟಂತೆ. ಆಯುಧ ಏನಪ್ಪಾ ಅಂದರೆ ಸೂಜಿ, ಹಲ್ಲುಕಡ್ಡಿ, ಮುರಿದ ಬ್ಲೇಡು, ಉಪ್ಪುಕಾಗದ. ಎರಡು ಕಡೆ ಕೆನ್ನೆ ಸಮ ಬಂತೋ ಇಲ್ಲವೋ ಎಂದು ಕನ್ನಡಿಯಲ್ಲಿ ತಿರುಗಿಸಿ ನೋಡುತ್ತಾನೆ. ಕಣ್ಣಿಗೆ ಬಣ್ಣ ಕೊನೆಗೆ.

ಕಣ್ಣು ಕೊನೆಗೆ ಎಂದಾಗ ನನಗೆ ನಮ್ಮ ಶಿಲ್ಪಿಗಳು ನೆನಪಾದರು. ವಿಗ್ರಹಕ್ಕೂ ಕಣ್ಣು ತೆರೆಯುವುದು ಕೊನೆಗೇ ಅಲ್ಲವೇ? ಅಳತೆಯಲ್ಲೂ ಹಾಗೆಯೇ. ನಮ್ಮ ಶಿಲ್ಪಶಾಸ್ತ್ರದಲ್ಲಿ ಮುಖದ ಉದ್ದವೇ ಅಳತೆಗೋಲು, ಅದಕ್ಕೆ ತಾಳ ಎಂದು ಹೆಸರು. ನವತಾಳ ಎಂದರೆ ಮುಖದ ಒಂಬತ್ತರಷ್ಟು ಎತ್ತರ. ಮುಖ ತಪ್ಪಿದರೆ ಮೈಯೆಲ್ಲ ತಪ್ಪಿದ ಹಾಗೆ.

* * *

ಶೆಟ್ಟರ ತಲೆಯನ್ನು ಪ್ಲಾಸ್ಟಿಕ್ ಜೇಡಿಯಲ್ಲಿ ಮಾಡುವುದು ನಮ್ಮ ತಾಯಿಗೆ ಒಪ್ಪಿಗೆಯಿಲ್ಲ. ಮಣ್ಣಿನ ಮೈಗೆ ಮಣ್ಣಿನ ತಲೆಯೇ ಬೇಕು. ಹುಡುಗ "ಟ್ರೈ ಮಾಡ್ತೀನಿ ಸಾರ್" ಅಂದ. ಮೊದಲ ತಲೆ ಮಾಡಿ ಯಜಮಾನರ ಆವಿಗೆಯಲ್ಲಿ ಮಡಕೆಗಳ ನಡುವೆ ಇಟ್ಟರು. ಪಟಾರ್! ನಾಲ್ಕು ಚೂರು.

ಯಜಮಾನರು ನಕ್ಕರಂತೆ. "ಗಟ್ಟಿ ಉಂಡೆ ಸುಡ್ತಾರೇನ್ಲಾ? ಒಳಗೆ ಟೊಳ್ಳು ಮಾಡ್ಬೇಕು. ಕತ್ತಿನತ್ರ ಗಾಳಿಗೆ ದಾರಿ ಬಿಡ್ಬೇಕು. ಒಳಗೆ ನೀರು ಇದ್ರೆ ಬಿಡ್ತದಾ?" ಹೊಗೆಸೊಪ್ಪು ಬೇಯಿಸುವವರ ಮನೆ ಹುಡುಗನಿಗೆ ಇದು ಬೇಗ ಅರ್ಥವಾಯಿತು. ಬ್ಯಾರನ್ನಿನಲ್ಲೂ ಅಷ್ಟೇ. ಮೊದಲು ಎಲೆ ಹಳದಿಗೆ ತಿರುಗಬೇಕು, ಆಮೇಲೆ ಎಲೆ ಒಣಗಬೇಕು, ಕೊನೆಗೆ ದಂಟು. ಮೊದಲ ದಿನವೇ ಕಾವು ಏರಿಸಿದರೆ ಬೆಳೆಯೇ ಹೋಯಿತು.

ಎರಡನೆಯದು ಒಡೆಯಲಿಲ್ಲ, ಆದರೆ ಕತ್ತಿಗೆ ಕೂರಲಿಲ್ಲ. ಶೆಟ್ಟರ ದೊಡ್ಡ ಮೈಗೆ ಮಗುವಿನ ತಲೆ ಇಟ್ಟ ಹಾಗೆ! ಜೇಡಿಮಣ್ಣು ಒಣಗುವಾಗ, ಸುಡುವಾಗ ಕುಗ್ಗುತ್ತದೆ. ಮಣ್ಣು ನೋಡಿಕೊಂಡು ಹತ್ತಕ್ಕೆ ಒಂದು ಪಾಲಿನಷ್ಟು ಲೆಕ್ಕ ಬಿಡಬೇಕು. ಪ್ಲಾಸ್ಟಿಕ್ ಜೇಡಿ ಹಾಗೆ ಕುಗ್ಗುವುದಿಲ್ಲವಾದ್ದರಿಂದ ಹುಡುಗನಿಗೆ ಈ ಲೆಕ್ಕ ಗೊತ್ತಿರಲಿಲ್ಲ. ಯಜಮಾನರಿಗೆ ಗೊತ್ತಿತ್ತು, ಆದರೆ ಅವರನ್ನು ಯಾರೂ ಕೇಳಿರಲಿಲ್ಲ.

ಇಲ್ಲೇ ಇದೆ ನೋಡಿ ನಾನು ಇವತ್ತು ಹೇಳಬೇಕಾದ ಮಾತು. ಮಣ್ಣಿನ ಹದ, ಬೆಂಕಿಯ ಹದ ಬಲ್ಲವರಿಗೆ ಕಣ್ಣು ಮಂಜಾಗಿದೆ. ಕಣ್ಣು ಚುರುಕಾಗಿರುವ ಹುಡುಗನಿಗೆ ಮಣ್ಣು ಗೊತ್ತಿಲ್ಲ. ಇಬ್ಬರ ಮನೆಗೂ ನಡುವೆ ಇರುವುದು ಒಂದು ಬೀದಿ. ಆ ಬೀದಿ ದಾಟಿಸಲು ನಮ್ಮ ಮನೆಯ ಇಲಿ ಶೆಟ್ಟರ ತಲೆ ತಿನ್ನಬೇಕಾಯಿತು! ಇಂಥ ಯಜಮಾನರು ಇನ್ನೆಷ್ಟು ವರ್ಷ ಇರುತ್ತಾರೆ? ಅವರು ಹೋದ ಮೇಲೆ ಯಾವ ಇಲಾಖೆ ಆ ವಿದ್ಯೆ ತಂದುಕೊಡುತ್ತದೆ?

* * *

ಈಗ ನನ್ನದೇ ತಪ್ಪು ಒಪ್ಪಿಕೊಳ್ಳುತ್ತೇನೆ. ಮೂರನೇ ತಲೆ ಸರಿಯಾಗಿ ಬಂತು. ಹುಡುಗ ಆರುನೂರು ರೂಪಾಯಿ ಕೇಳಿದ. ನನ್ನ ಬಾಯಿಂದ ಥಟ್ಟನೆ ಬಂದ ಮಾತು, "ಇಷ್ಟೇ ಇಷ್ಟು ಮಣ್ಣಿಗಾ?"

ಹುಡುಗ ಏನೂ ಅನ್ನಲಿಲ್ಲ. ಯಜಮಾನರು ಅಂದರು: "ಮಣ್ಣು ಬಿಟ್ಟಿ ಸ್ವಾಮಿ. ಎಷ್ಟು ಬೇಕೋ ತಗಂಡೋಗಿ."

ಕೆನ್ನೆಗೆ ಹೊಡೆದ ಹಾಗಾಯಿತು. ಆ ಆರುನೂರರಲ್ಲಿ ಅರ್ಧ ಆವಿಗೆಯವರಿಗೆ ಕೊಡಬೇಕೆಂದು ಅವನೇ ಮಾತಾಡಿಕೊಂಡಿದ್ದ ಎಂದು ಆಮೇಲೆ ತಿಳಿಯಿತು. ಒಂದೊಂದು ತಲೆಗೂ ಎರಡು ಮೂರು ದಿನ. ಕೂಲಿ ಲೆಕ್ಕ ಹಾಕಿದರೆ ಸೊಪ್ಪು ಪೋಣಿಸುವವರಿಗೂ ಅದಕ್ಕಿಂತ ಹೆಚ್ಚು ಬೀಳುತ್ತದೆ.

ನಮ್ಮ ನಡತೆ ನೋಡಿ. 2024ರ ಜನವರಿ 22ರಂದು ಅಯೋಧ್ಯೆಯಲ್ಲಿ ಪ್ರತಿಷ್ಠಾಪನೆಯಾದ ಬಾಲರಾಮನ ವಿಗ್ರಹ ಕೆತ್ತಿದವರು ನಮ್ಮ ಮೈಸೂರಿನ ಅರುಣ್ ಯೋಗಿರಾಜ್. ಶಿಲೆಯೂ ಮೈಸೂರು ತಾಲ್ಲೂಕಿನದೇ. ಆ ಮುಖ ನೋಡಿ ನಾವೆಲ್ಲ ಕೈ ಮುಗಿದೆವು, ನಮ್ಮೂರವರು ಎಂದು ಎದೆ ತಟ್ಟಿಕೊಂಡೆವು. ಅವರೂ ಎಂ.ಬಿ.ಎ. ಓದಿ, ಕಂಪನಿ ಕೆಲಸ ಬಿಟ್ಟು ಉಳಿ ಹಿಡಿದವರು. ಆವತ್ತು ಅವರಿಗೂ ಯಾರಾದರೂ ಜಗಲಿಯ ಮೇಲಿಂದ "ಕಲ್ಲು ಕುಟ್ಕೊಂಡು ಕೂತವ್ನೆ" ಅಂದಿದ್ದರೆ? ಗೆದ್ದ ಮೇಲೆ ಹಾರ ಹಾಕುವುದು ದೊಡ್ಡದಲ್ಲ. ಗೆಲ್ಲುವ ಮುಂಚೆ ಆರುನೂರಕ್ಕೆ ಚೌಕಾಸಿ ಮಾಡದಿರುವುದು ದೊಡ್ಡದು.

ಇನ್ನು ಮಣ್ಣಿನ ವಿಚಾರ. ಮಣ್ಣು ಬಿಟ್ಟಿ ಎಂದು ಯಜಮಾನರು ಅಂದದ್ದು ನನ್ನ ಮೇಲಿನ ಸಿಟ್ಟಿಗೆ. ನಿಜವಾಗಿ ನೋಡಿದರೆ ಒಳ್ಳೆಯ ಜೇಡಿ ಈಗ ಸುಲಭವಾಗಿ ಸಿಗುತ್ತಿಲ್ಲ. ಕೆರೆ ಹೂಳೆತ್ತುವಾಗ ಜೆ.ಸಿ.ಬಿ. ಮೇಲಿನ ಹೂಳು, ಕೆಳಗಿನ ಜೇಡಿ ಎಲ್ಲ ಒಟ್ಟಿಗೆ ಬಗೆದು ಟ್ರ್ಯಾಕ್ಟರಿಗೆ ತುಂಬುತ್ತದೆ. ಹೊಲಕ್ಕೆ ಹೂಳು ಹೋಗಲಿ, ಬೇಡ ಅನ್ನುವವರು ಯಾರು? ಆದರೆ ಬಗೆಯುವ ಮುಂಚೆ ಒಂದು ದಿನ ಕುಂಬಾರರನ್ನು ಕರೆದು ಜೇಡಿ ಪದರ ಎಲ್ಲಿದೆ ತೋರಿಸಿ ಎಂದರೆ ಪಂಚಾಯಿತಿಯ ಗಂಟೇನು ಹೋಗುತ್ತದೆ? ಅವರಿಗೆ ಬೇಕಾಗಿರುವುದು ವರ್ಷಕ್ಕೆ ನಾಲ್ಕು ಗಾಡಿ ಮಣ್ಣು.

ಗಣಪತಿ ಹಬ್ಬಕ್ಕೂ ಇದಕ್ಕೂ ಸಂಬಂಧ ಇದೆ. ಪ್ಲಾಸ್ಟರ್ ಆಫ್ ಪ್ಯಾರಿಸ್ ವಿಗ್ರಹ ಕೂಡದು ಎಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2020ರ ಮೇ ತಿಂಗಳಲ್ಲಿ ಸೂಚನೆ ಹೊರಡಿಸಿದೆ. ಒಳ್ಳೆಯದಾಯಿತು. ಆದರೆ ಮಣ್ಣಿನ ಗಣಪನೇ ಬೇಕು ಎಂದ ಮೇಲೆ ಮಣ್ಣಿನ ಮುಖ ತಿದ್ದುವವರೂ ಬೇಡವೇ? ಆಜ್ಞೆ ದಿಲ್ಲಿಯಿಂದ ಬರುತ್ತದೆ, ಗಣಪನ ಸೊಂಡಿಲು ತಿದ್ದುವ ಕೈ ದಿಲ್ಲಿಯಿಂದ ಬರುವುದಿಲ್ಲ.

* * *

ಸರ್ಕಾರ ಏನೂ ಮಾಡಿಲ್ಲ ಎಂದು ಬೈದು ಬರೆಯುವುದು ನಮ್ಮ ಕಸುಬಿನವರಿಗೆ ಸುಲಭ. ಮಾಡಿದೆ, ಜನಕ್ಕೆ ಗೊತ್ತಿಲ್ಲ. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿ.ಎಂ. ವಿಶ್ವಕರ್ಮ ಯೋಜನೆಯಲ್ಲಿ 18 ಕಸುಬುಗಳಿವೆ. ಅದರಲ್ಲಿ ಕುಂಬಾರರಿದ್ದಾರೆ, ಶಿಲ್ಪಿಗಳಿದ್ದಾರೆ, ಬೊಂಬೆ ಮತ್ತು ಆಟಿಕೆ ಮಾಡುವವರೂ ಇದ್ದಾರೆ. 18 ವರ್ಷ ತುಂಬಿರಬೇಕು, ಮನೆಗೆ ಒಬ್ಬರು. ತರಬೇತಿಯ ದಿನಕ್ಕೆ 500 ರೂಪಾಯಿ, ಸಲಕರಣೆಗೆ 15,000 ರೂಪಾಯಿ, ಆಮೇಲೆ ಶೇಕಡ 5ರ ಬಡ್ಡಿಯಲ್ಲಿ ಮೊದಲು 1 ಲಕ್ಷ, ಅದನ್ನು ತೀರಿಸಿದರೆ 2 ಲಕ್ಷದವರೆಗೆ ಸಾಲ. ಅರ್ಜಿ ಮೊದಲು ಪರಿಶೀಲನೆಯಾಗುವುದು ಗ್ರಾಮ ಪಂಚಾಯಿತಿಯಲ್ಲಿ.

ಆದರೆ ಬೊಂಬೆ ಮಾಡುವವರು ಎಂಬ ಮಾತಿನ ಮುಂದೆ ‘ಸಾಂಪ್ರದಾಯಿಕ’ ಅಂತ ಒಂದು ಕಂಸ ಇದೆ. ಹೊಗೆಸೊಪ್ಪಿನ ಮನೆ ಹುಡುಗ, ಪ್ಲಾಸ್ಟಿಕ್ ವೀರನಿಗೆ ತಲೆ ಮಾಡುವವನು, ಈ ಕಂಸದ ಒಳಗೋ ಹೊರಗೋ? ನನ್ನನ್ನು ಕೇಳಿದರೆ ಕಸುಬು ಅಪ್ಪನಿಂದ ಬಂದರೂ ಅಷ್ಟೆ, ಎದುರು ಮನೆಯ ಯಜಮಾನರಿಂದ ಬಂದರೂ ಅಷ್ಟೆ. ಪಂಚಾಯಿತಿಯವರು ಹುಡುಗನನ್ನು ಹೊರಗೆ ನಿಲ್ಲಿಸುವ ಮುಂಚೆ ಅವನ ಕೈ ನೋಡಲಿ, ಜಾತಿ ಕಾಲಂ ನೋಡುವುದು ಬೇಡ.

ಅಂಗಡಿಯವರಿಗೂ ಎರಡು ಮಾತು. 2021ರ ಜನವರಿ 1ರಿಂದ 14 ವರ್ಷದೊಳಗಿನ ಮಕ್ಕಳ ಆಟಿಕೆಗೆ ಐ.ಎಸ್.ಐ. ಗುರುತು ಕಡ್ಡಾಯ. ಹೊರದೇಶದ ಆಟಿಕೆಯ ಮೇಲಿನ ಸುಂಕವನ್ನು 2020ರಲ್ಲಿ ಶೇಕಡ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿಸಿದರು. ಗುರುತಿಲ್ಲದ ಮಾಲು ಇಟ್ಟು ಸಿಕ್ಕಿಬಿದ್ದರೆ ತೊಂದರೆ ನಿಮಗೇ. ಆದರೆ ಕೇಂದ್ರದ ಹಸ್ತಕಲಾ ಅಭಿವೃದ್ಧಿ ಆಯುಕ್ತರ ಕಚೇರಿಯಲ್ಲಿ ಹೆಸರು ನೋಂದಾಯಿಸಿಕೊಂಡ ಕುಶಲಕರ್ಮಿಗಳು ಮಾಡಿ ಮಾರುವ ಆಟಿಕೆಗೆ ಈ ನಿಯಮದಿಂದ ವಿನಾಯಿತಿ ಇದೆ. ಆದ್ದರಿಂದ ನಮ್ಮ ಹುಡುಗರು ಕುಶಲಕರ್ಮಿ ಗುರುತಿನ ಚೀಟಿ ಮಾಡಿಸಿಕೊಳ್ಳಲಿ, ನೀವು ಕ್ಯಾಶ್ ಡ್ರಾ ಹಿಂದಿನ ಶೋಕೇಸಿನಲ್ಲಿ ಒಂದು ಅಡಿ ಜಾಗ ಬಿಡಿ. ಕೊಳ್ಳುವುದೂ ಬೇಡ, ಮಾರಿದ ಮೇಲೆ ಕಮಿಷನ್ ಹಿಡಿದು ಕಾಸು ಕೊಡಿ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಕೋಟೆ, ನಾಲ್ಕೂ ಪೇಟೆಯಲ್ಲಿ ನಾಲ್ಕು ಅಂಗಡಿ ಸಿಕ್ಕರೆ ಒಂದು ಮನೆಯ ಒಲೆ ಉರಿಯುತ್ತದೆ.

ಗಿರಾಕಿ ಎಲ್ಲಿ ಅನ್ನಬೇಡಿ. ಮೈಸೂರಿನಲ್ಲಿ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರು 2005ರಿಂದ ದಸರೆಯ ಹೊತ್ತಿಗೆ ‘ಬೊಂಬೆ ಮನೆ’ ಏರ್ಪಡಿಸುತ್ತಾ ಬಂದಿದ್ದಾರೆ. ಬೇರೆ ಬೇರೆ ರಾಜ್ಯಗಳ ಬೊಂಬೆ ಅಲ್ಲಿ ಬಂದು ಮಾರಾಟವಾಗುತ್ತದೆ, ಜನ ಹುಡುಕಿಕೊಂಡು ಹೋಗಿ ಕೊಳ್ಳುತ್ತಾರೆ. ಕೊಪ್ಪಳ ಜಿಲ್ಲೆಯ ಕಿನ್ನಾಳದವರು ಮರದ ಜೊತೆಗೆ ಹುಣಸೆಬೀಜದ ಅಂಟು, ಮರದ ಹೊಟ್ಟು ಕಲಸಿ ಬೊಂಬೆ ಮಾಡಿ ಊರಿನ ಹೆಸರನ್ನೇ ದೇಶಕ್ಕೆಲ್ಲ ಹರಡಿದರು. ಹನಗೋಡಿನ ಮಣ್ಣಿಗೆ ಏನು ಕಮ್ಮಿ?

ನಾನು ಕೇಳುವುದು ದೊಡ್ಡ ಕಾರ್ಖಾನೆಯಲ್ಲ. ಹನಗೋಡಿನಲ್ಲಿ ಒಂದು ಹಳೇ ಕೊಠಡಿ, ಒಂದು ಉದ್ದನೆಯ ಬೆಂಚು, ಒಂದು ಆವಿಗೆ, ಬೇಸಿಗೆ ರಜದಲ್ಲಿ ಒಂದು ತಿಂಗಳು. ಬೆಂಚಿನ ಈ ತುದಿಯಲ್ಲಿ ಯಜಮಾನರು, ಆ ತುದಿಯಲ್ಲಿ ಈ ಹುಡುಗ, ನಡುವೆ ಇಪ್ಪತ್ತು ಮಕ್ಕಳು. ಹೆಣ್ಣು ಮಕ್ಕಳೂ ಇರಲಿ, ಬೊಂಬೆ ಕೂರಿಸುವವರು ಅವರೇ ತಾನೆ! ಇಬ್ಬರಿಗೂ ಗೌರವಧನ ಕೊಡಿ, ಬರೀ ಶಾಲು ಹೊದಿಸಿ ಕಳಿಸಬೇಡಿ. ಶಾಲು ಒಲೆಗೆ ಹಾಕಿದರೆ ಅನ್ನ ಬೇಯುವುದಿಲ್ಲ.

ಶೆಟ್ಟರು ಮಹಾಲಯ ಅಮಾವಾಸ್ಯೆಗೆ ಎರಡು ದಿನ ಮುಂಚೆ ತಲೆ ಸಮೇತ ಮನೆಗೆ ಬಂದರು. ಹುಡುಗ ನಮ್ಮಿಂದ ಶೆಟ್ಟಿತಮ್ಮನನ್ನೂ ತರಿಸಿಕೊಂಡು ಅವಳ ಮುಖದ ಅಳತೆ ಹಿಡಿದು ಮಾಡಿದ್ದ. ತಾಯಿ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. "ಮುಂಚಿನವರಷ್ಟು ಜಿಪುಣ ಅಲ್ಲ ಇವರು, ಮುಖದಲ್ಲೇ ಗೊತ್ತಾಗತ್ತೆ" ಅಂದರು. ನಾನು ಆರುನೂರರ ಮಾತು ಅವರಿಗೆ ಹೇಳಲಿಲ್ಲ. ಆವತ್ತು ಒಂದು ಸಾವಿರ ಕೊಟ್ಟು ಬಂದೆ ಎನ್ನುವುದನ್ನೂ ಹೇಳಲಿಲ್ಲ.

ಶೆಟ್ಟರಿಗೆ ತಲೆ ಬಂತು. ಇನ್ನು ಹುಣಸೂರು ತಾಲ್ಲೂಕು ಪಂಚಾಯಿತಿಯವರು, ಹನಗೋಡಿನ ಗ್ರಾಮ ಪಂಚಾಯಿತಿಯವರು ಮತ್ತು ನಮ್ಮ ವರ್ತಕ ಬಂಧುಗಳು ಈ ವಿಚಾರಕ್ಕೆ ಸ್ವಲ್ಪ ತಲೆ ಕೊಡುವರೇ?